ಏಳನೇ ಮೈಲಿಕಲ್ಲಿನ ಹತ್ತು ನಿಮಿಷ

ಮಂಗಳೂರು ಸೀಮೆಯಲ್ಲಿ ಸರಕಾರದ ಮೈಲಿಕಲ್ಲೊಂದನ್ನು ದೈವ ಮಾಡಿದ ಕೀರ್ತಿ ಯಾರಿಗಾದರೂ ಸಲ್ಲಬೇಕಾದರೆ ಅದು ನನ್ನ ಸೋದರಮಾವನಿಗೇ ಸಲ್ಲಬೇಕು! ಇದನ್ನು ಎದುರಿಗೆ ಹೇಳಿದರೆ ಅವರು ಈಗಲೂ ಮುಖ ತಿರುಗಿಸುತ್ತಾರೆ. ತಿರುಗಿಸಲಿ. ನಾನು ಹೇಳಿಯೇ ಹೇಳುತ್ತೇನೆ.

ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲಿಗೆ ರೇಷನ್ ಬಂದು, ಬಸ್ಸಿನ ಬೆನ್ನಿಗೆ ಆಳೆತ್ತರದ ಒಲೆ ಕಟ್ಟಿ, ಇದ್ದಿಲಿನ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಹಂಪನಕಟ್ಟೆಯಿಂದ ಮೂಡಬಿದ್ರೆಗೆ ಹೋಗುವ ಅಂಥದೊಂದು ಬಸ್ಸಿಗೆ ಮಾವ ಡ್ರೈವರ್. ನಾನು ಗುರುಪುರದ ಶಾಲೆಯಲ್ಲಿ ಮೇಷ್ಟ್ರು. ದಿನವೂ ಅದೇ ಬಸ್ಸಿನ ಗಿರಾಕಿ. ಏರು ಬಂದರೆ ನಮ್ಮ ಬಸ್ಸು ಉಸ್ಸಪ್ಪಾ ಎಂದು ನಿಂತುಬಿಡುತ್ತಿತ್ತು. ನಾವೆಲ್ಲ ಇಳಿದು ನೂಕಬೇಕು. ಟಿಕೇಟು ಕೊಂಡು ಬಸ್ಸು ನೂಕುವ ಭಾಗ್ಯ ಈಗಿನವರಿಗೆ ಎಲ್ಲಿಂದ ಬರಬೇಕು!

ಮಾವ ವೃತ್ತಿಯನ್ನು ಬಸ್ಸಿನಲ್ಲೇ ಬಿಟ್ಟು ಮನೆಗೆ ಬರುತ್ತಿರಲಿಲ್ಲ, ಅದೂ ಅವರ ಬೆನ್ನಿಗೇ ಬರುತ್ತಿತ್ತು. ಉರ್ವದ ಮನೆಯಲ್ಲಿ ಚಾವಡಿಯಿಂದ ಅಡಿಗೆಕೋಣೆಗೆ ಹೋಗಲು ಒಂದು ತಿರುವು ಇತ್ತು. ಅಲ್ಲಿಗೆ ಬಂದ ಕೂಡಲೇ ಮಾವ ಬಾಯಲ್ಲಿ "ಪೋಂ ಪೋಂ" ಎನ್ನುವರು. ಒಳಗಿನಿಂದ ಅತ್ತೆ, "ಬನ್ನಿ, ಬನ್ನಿ, ದಾರಿ ಖಾಲಿ ಉಂಟು" ಎನ್ನುವರು. ಒಮ್ಮೆ ಅತ್ತೆ ಉತ್ತರ ಕೊಡಲು ಮರೆತು, ಮಾವ ತಿರುವಿನಲ್ಲೇ ನಿಂತು, ಅನ್ನ ಆರಿ ತಣ್ಣಗಾದದ್ದೂ ಉಂಟು.

ನನ್ನ ತಂಗಿಗೆ ಗಂಡು ನೋಡಲು ಎತ್ತಿನಗಾಡಿಯಲ್ಲಿ ಹೋದದ್ದನ್ನಂತೂ ಮರೆಯುವ ಹಾಗಿಲ್ಲ. ಇಳಿಜಾರು ಬಂದದ್ದೇ ತಡ, ಮಾವ ಹಲ್ಲು ಕಚ್ಚಿ ಬಲಗಾಲಿನಿಂದ ಬ್ರೇಕ್ ಒತ್ತತೊಡಗಿದರು. ಗಾಡಿಗೆಲ್ಲಿಯ ಬ್ರೇಕು? ಅವರ ಪಾದದ ಕೆಳಗಿದ್ದದ್ದು ನನ್ನ ಹೆಬ್ಬೆರಳು! ಗಂಡಿನ ಮನೆಯಲ್ಲಿ ನಾನು ಕುಂಟುವುದನ್ನು ಕಂಡು, "ಹುಡುಗಿಯ ಅಣ್ಣನಿಗೆ ಹುಟ್ಟಿನಿಂದಲೇ ಹೀಗಾ?" ಎಂದು ಕೇಳಿದರು. "ಇಲ್ಲ, ಬೆಳಿಗ್ಗೆಯಿಂದ" ಎಂದು ಮಾವ ಗಂಭೀರವಾಗಿ ಉತ್ತರಿಸಿದರು. ಸಂಬಂಧ ಹೇಗೆ ಕುದುರಿತೋ ದೇವರಿಗೇ ಗೊತ್ತು.

ನಾವೆಲ್ಲ ನಗುತ್ತಿದ್ದೆವು. ನಗದೆ ಮತ್ತೇನು ಮಾಡುವುದು? ಆದರೆ ಆ ಡ್ರೈವರ್ ಸೀಟಿನಲ್ಲಿ ಕೂತವರ ಪಾಡು ನೋಡಿ. ಹಿಂದಿನಿಂದ ಇದ್ದಿಲ ಹೊಗೆ, ಮಗ್ಗುಲಲ್ಲಿ ಎದುರಾಳಿ ಕಂಪೆನಿಯ ಬಸ್ಸು, ತಡವಾದರೆ ಬಸ್ಸಿನ ಧನಿಗಳ ಬೈಗುಳ. ಸಾಲದ್ದಕ್ಕೆ ಪ್ರತಿಯೊಬ್ಬ ಪ್ರಯಾಣಿಕನೂ ಡ್ರೈವರಿಗೆ ಪಾಠ ಹೇಳುವವನೇ. "ಮೆಲ್ಲ ಹೋಗಿ ಮಾರಾಯ್ರೆ!" ಎಂದು ಒಬ್ಬ, "ಎಂತ, ಎತ್ತಿನಗಾಡಿಯಾ ಇದು?" ಎಂದು ಇನ್ನೊಬ್ಬ. ಇಂಥ ಕಾಟಕ್ಕೆ ಆಗ ನಮ್ಮಲ್ಲಿ ಇದ್ದ ಹೆಸರು ಒಂದೇ, ಮಂಡೆಬಿಸಿ. ಅದಕ್ಕೆ ಮದ್ದೂ ಒಂದೇ, ತಲೆಗೆ ತಣ್ಣೀರು.

ವಾಮಂಜೂರು ದಾಟಿದ ಮೇಲೆ ರಸ್ತೆ ಗುರುಪುರದ ಹೊಳೆಯ ಕಡೆಗೆ ಸುತ್ತಿ ಸುತ್ತಿ ಇಳಿಯುತ್ತದೆ. ಒಂದು ಮಳೆಗಾಲ ಆ ಇಳಿಜಾರಿನ ನಡುವೆ ಬ್ರೇಕ್ ಹಿಡಿಯಲಿಲ್ಲ. ಮಾವ ಬಸ್ಸನ್ನು ಗುಡ್ಡದ ಬದಿಗೆ ಉಜ್ಜಿ ಉಜ್ಜಿ ಹೇಗೋ ನಿಲ್ಲಿಸಿದರು. ಒಬ್ಬರಿಗೂ ಗಾಯವಿಲ್ಲ. ಬಸ್ಸಿನ ಮಾಡಿನ ಮೇಲಿದ್ದ ಒಂದು ಬುಟ್ಟಿ ಬಂಗುಡೆ ಮೀನು ಮಾತ್ರ ಕಿಟಕಿಯ ಮೂಲಕ ನೇರ ವಕೀಲರೊಬ್ಬರ ಮಡಿಲಿಗೆ ಬಂತು. ವಕೀಲರು ಅಪ್ಪಟ ಸಸ್ಯಾಹಾರಿ! ಊರು ತಿಂಗಳುಗಟ್ಟಲೆ ವಕೀಲರ ಮೀನಿನ ಕಥೆ ಹೇಳಿ ನಕ್ಕಿತು. ಬಸ್ಸು ನಿಲ್ಲಿಸಿದವರ ಗತಿ ಏನಾಯಿತೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅದಾದ ಮೇಲೆ ಮಾವ ಹೊಸ ಪದ್ಧತಿ ಶುರು ಮಾಡಿದರು. ಇಳಿಜಾರು ಶುರುವಾಗುವ ಮೊದಲು, ಏಳನೇ ಮೈಲಿಕಲ್ಲಿನ ಹತ್ತಿರ ಬಸ್ಸು ನಿಲ್ಲಿಸಿ, ಇಳಿದು, ಕಲ್ಲಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತುಬಿಡುವುದು. ಹತ್ತು ನಿಮಿಷ. ಎದುರಾಳಿ ಬಸ್ಸು ಹಾರ್ನ್ ಹೊಡೆಯುತ್ತ ಮುಂದೆ ಹೋದರೂ ಏಳುವುದಿಲ್ಲ.

"ಎಂತದು ಇದು?" ಎಂದು ಮೊದಲ ದಿನವೇ ವಕೀಲರು ಗುಡುಗಿದರು.

ಮಾವ ಕಣ್ಣು ತೆರೆಯದೆ, "ಹರಕೆ" ಎಂದರು.

ಮುಗಿಯಿತು! ನಮ್ಮ ಊರಿನಲ್ಲಿ ಹರಕೆ ಎಂದ ಮೇಲೆ ಜಡ್ಜಿಯೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಯಾವ ದೈವದ್ದು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮೂರನೇ ದಿನ ಯಾರೋ ಕಲ್ಲಿನ ಮೇಲೆ ಕೇಪಳ ಹೂವಿಟ್ಟರು. ವಾರದೊಳಗೆ ತೆಂಗಿನಕಾಯಿ ಒಡೆಯಿತು. ಹೆರಿಗೆ ಮಾಡಿಸಲು ಹಳ್ಳಿಗಳಿಗೆ ಹೋಗುತ್ತಿದ್ದ ನರ್ಸ್ ಬಾಯಮ್ಮ ಕ್ರೈಸ್ತರ ಇಗರ್ಜಿಯಿಂದ ತಂದ ಮೇಣದಬತ್ತಿಯೊಂದನ್ನು ಹಚ್ಚಿಟ್ಟರು. ಕೊನೆಗೆ ವಕೀಲರೇ ಕೇಸು ಗೆದ್ದ ಖುಷಿಯಲ್ಲಿ ಬಾಳೆಗೊನೆ ತಂದರು. ಕುಂಕುಮದ ಅಡಿಯಲ್ಲಿ ಏಳರ ಅಂಕೆ ಮುಳುಗಿ, ಮಂಗಳೂರಿಗೆ ಎಷ್ಟು ಮೈಲಿ ಎಂಬುದು ಯಾರಿಗೂ ತಿಳಿಯದ ಹಾಗಾಯಿತು.

ಸುದ್ದಿ ಧನಿಗಳಿಗೆ ಮುಟ್ಟಿತು. ಒಂದು ಬೆಳಿಗ್ಗೆ ಅವರು ಜೇಬುಗಡಿಯಾರ ಸಮೇತ ಬಂದು ಮುಂದಿನ ಸೀಟಿನಲ್ಲಿ ಕೂತರು. ಮಾವನ ಕೆಲಸ ಹೋಯಿತು ಎಂದೇ ನಾನು ತಿಳಿದೆ. ಮೈಲಿಕಲ್ಲಿನ ಹತ್ತಿರ ಧನಿಗಳು ಇಳಿದರು, ಹೂವು ನೋಡಿದರು, ಕಾಯಿ ನೋಡಿದರು, ಚಪ್ಪಲಿ ಕಳಚಿ ಭಕ್ತಿಯಿಂದ ಕೈಮುಗಿದರು!

"ಇಷ್ಟು ಶಕ್ತಿಯ, ಕಾರಣಿಕದ ಜಾಗ, ನನಗೆ ಒಬ್ಬನೂ ಹೇಳಲಿಲ್ಲವಲ್ಲ! ಗುಡಿ ಕಟ್ಟಿಸ್ತೇನೆ. ಈ ವರ್ಷವೇ ದೈವಕ್ಕೆ ಕೋಲ, ನೇಮ ಕೊಡ್ತೇನೆ. ದೈವದ ಹೆಸರು ಎಂತ, ಹೇಳು."

ಇಡೀ ಬಸ್ಸು ಕೈಮುಗಿದುಕೊಂಡು ಕಾದಿತು. ಮಾವ ಕಣ್ಣು ತೆರೆದರು. ಹೌದು ಎಂದು ಒಂದು ಹೆಸರು ಹೇಳಿದ್ದರೆ ಆ ಹತ್ತು ನಿಮಿಷ ಅವರಿಗೆ ಜೀವಮಾನವಿಡೀ ಉಳಿಯುತ್ತಿತ್ತು. ಆದರೆ ಇಲ್ಲದ ದೈವಕ್ಕೆ ನೇಮ ಕೊಡಿಸುವಷ್ಟು ಎದೆ ನಮ್ಮಲ್ಲಿ ಯಾರಿಗುಂಟು? ಅವರು ಎದ್ದು ನಿಂತರು.

"ದೈವ ಎಂತದ್ದೂ ಇಲ್ಲ, ಧನಿ. ಇದು ಬರೀ ಮೈಲಿಕಲ್ಲು. ಹರಕೆ ಅಂತ ಹೇಳಿದ್ದು ನಾನು. ತಪ್ಪಾಯ್ತು."

"ಮತ್ತೆ ಯಾಕೆ ಕೂರುವುದು?"

ಮಾವ ಎರಡೂ ಕೈಗಳನ್ನು ಮುಂದಕ್ಕೆ ಚಾಚಿದರು. ಗಾಳಿಗೆ ಸಿಕ್ಕಿದ ಎಲೆಯ ಹಾಗೆ ಅವು ನಡುಗುತ್ತಿದ್ದವು. "ಆವತ್ತು ಬ್ರೇಕ್ ಹೋದಂದಿನಿಂದ ಹೀಗೆ. ಇಳಿಜಾರು ಕಂಡ ಕೂಡಲೇ ಶುರುವಾಗ್ತದೆ. ಹತ್ತು ನಿಮಿಷ ಕೂತರೆ ನಿಲ್ತದೆ. ಬೇಕಾದರೆ ಕೆಲಸದಿಂದ ತೆಗೀರಿ. ಆದರೆ ನಡುಗುವ ಕೈಯಲ್ಲಿ ಇಷ್ಟು ಜನರನ್ನು ಇಳಿಸಲಿಕ್ಕೆ ನನ್ನಿಂದಾಗುದಿಲ್ಲ. ನೀವು ಹೇಳಿದರೂ ಇಲ್ಲ."

ಇಷ್ಟು ದಿನ ನಕ್ಕಿದ್ದ ನಾನು ತಲೆ ತಗ್ಗಿಸಿದೆ. ಆಗ ನರ್ಸ್ ಬಾಯಮ್ಮ ಗುಂಪು ಸರಿಸಿ ಮುಂದೆ ಬಂದು, ಮಾವನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ಕಾಲದಲ್ಲಿ, ನಡು ರಸ್ತೆಯಲ್ಲಿ, ಪರಗಂಡಸಿನ ಕೈ! ಒಬ್ಬರೂ ಚಕಾರವೆತ್ತಲಿಲ್ಲ.

"ಕಷ್ಟದ ಹೆರಿಗೆ ಇದ್ದರೆ ನನಗೂ ಹೀಗೇ ಆಗ್ತದೆ, ಅಣ್ಣ" ಎಂದರು ಬಾಯಮ್ಮ. "ಒಳಗೆ ಹೋಗುವ ಮುಂಚೆ ನಾನೂ ಅಂಗಳದಲ್ಲಿ ಸ್ವಲ್ಪ ಕೂರ್ತೇನೆ. ನಾಚಿಕೆ ಎಂತದು ಅದರಲ್ಲಿ?"

ಧನಿಗಳು ಗಡಿಯಾರ ತೆಗೆದು ನೋಡಿದರು, ಮತ್ತೆ ಜೇಬಿಗೆ ಹಾಕಿದರು. "ನಾಳೆಯಿಂದ ಹತ್ತು ನಿಮಿಷ ಬೇಗ ಹೊರಡು" ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಬ್ರೇಕ್ ನೋಡಿಸುವ ಮಾತನ್ನು ವಕೀಲರು ಎತ್ತಿದರು. ಅದಕ್ಕೂ ಧನಿಗಳು ಹೂಂ ಎಂದರು.

ಕೈಯ ನಡುಕ ನಿಂತ ಮೇಲೆ ಮಾವ ಸೀಟಿನಲ್ಲಿ ಕೂತರು. ನಾನು ಅವರ ಬೆನ್ನ ಹಿಂದೆಯೇ ಕೂತೆ. ಮೊದಲ ತಿರುವಿನಲ್ಲಿ ಅವರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು:

"ಹೆದರಿಕೆ ಆಗ್ತದಾ, ಅಳಿಯ?"

"ಇಲ್ಲ, ಮಾವ."

"ನನಗೆ ದಿನಾ ಆಗ್ತದೆ" ಎಂದರು. ಗೇರ್ ಇಳಿಸಿ, ಬಸ್ಸನ್ನು ಮೆಲ್ಲ ಮೆಲ್ಲನೆ ಹೊಳೆಯ ಕಡೆಗೆ ಇಳಿಸುತ್ತ ಹೋದರು.