ಪಕ್ಕದ ಮನೆಯವರ ಎರಡನೇ ಗ್ಲಾಸು

ಮನೆಯಲ್ಲಿ ಬೀರು ಮಾಡುವವನು ಫಜೀತಿ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ಬಾಟಲಿಯೊಳಗೆ ಕೂತು ತನ್ನ ಪಾಡಿಗೆ ತಾನು ತಯಾರಾಗುತ್ತಿರುತ್ತದೆ. ತೊಂಬತ್ತರ ದಶಕದ ಕೊನೆಯ ಎರಡು ಮೂರು ವರ್ಷ ಲಂಡನ್ನಿನ ಗ್ರೀನ್‌ಫರ್ಡಿನ ನಮ್ಮ ಮನೆಯಲ್ಲಿ ಅದೇ ಆಗುತ್ತಿತ್ತು.

ನನಗೆ ಈ ಚಟ ಹಚ್ಚಿದವರು ಪಕ್ಕದ ಮನೆಯ ಇಂಗ್ಲಿಷರು. ಬಸ್ ಓಡಿಸಿ ನಿವೃತ್ತರಾದವರು, ಒಂಟಿ ಮನುಷ್ಯ, ಮಾತು ಕಡಿಮೆ. ಬೀರು ಹುದುಗಿಸುವುದನ್ನು ಬೇಲಿಯಾಚೆಯಿಂದಲೇ ಕಲಿಸಿದರು. ಅದು ಸುಲಭ. ಕಷ್ಟವಿರುವುದು ಬಾಟಲಿಗೆ ತುಂಬುವಾಗ. ಬಾಟಲಿಗೆ ಅರ್ಧ ಚಮಚ ಸಕ್ಕರೆ ಹಾಕಿ, ಮುಚ್ಚಳ ಬಿಗಿದು, ಎರಡು ವಾರ ಬೆಚ್ಚಗಿಡಬೇಕು. ಉಳಿದ ಯೀಸ್ಟು ಆ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ. ಗ್ಯಾಸ್ ಕಡಿಮೆಯಾದರೆ ಬೀರು ಸಪ್ಪೆ, ಹೆಚ್ಚಾದರೆ ದೇವರೇ ಗತಿ.

ನನಗಿದ್ದದ್ದು ಒಂದೇ ಆಸೆ. ನನ್ನ ಬೀರು ಕುಡಿದು ಈ ಮನುಷ್ಯ ಎರಡನೇ ಗ್ಲಾಸು ಕೇಳಬೇಕು. ನಾನು ಧಾರವಾಡದವನು. ಬಂದವರು ಎರಡನೇ ಸಲ ಹಾಕಿಸಿಕೊಳ್ಳದೆ ಎದ್ದು ಹೋದರೆ ನಮಗೆ ರಾತ್ರಿ ನಿದ್ದೆ ಬರುವುದಿಲ್ಲ.

ಶೆಡ್ಡು

ಮೊದಲ ಸಲ ಇಪ್ಪತ್ತು ಬಾಟಲಿ ತುಂಬಿ ಹಿತ್ತಿಲ ಶೆಡ್ಡಿನಲ್ಲಿ ಸಾಲಾಗಿ ಇಟ್ಟೆ. ಜನವರಿ ತಿಂಗಳು. ಎರಡು ವಾರವಾದ ಮೇಲೆ ಪಕ್ಕದ ಮನೆಯ ಗುರುಗಳನ್ನು ಕರೆದು ಅಡುಗೆಮನೆಯಲ್ಲಿ ಕೂರಿಸಿ ಮುಚ್ಚಳ ತೆಗೆದೆ. ‘ಸುಂಯ್’ ಎನ್ನಬೇಕಾದ ಬಾಟಲಿ ಏನೂ ಅನ್ನಲಿಲ್ಲ. ಗ್ಲಾಸಿಗೆ ಸುರಿದರೆ ಆರಿದ ಕಷಾಯದ ಹಾಗೆ ನಿಂತಿತು.

ಅವರು ಒಂದು ಹನಿಯೂ ಬಿಡದೆ ಕುಡಿದರು. ಆಮೇಲೆ ಎದ್ದು, ಗ್ಲಾಸನ್ನು ಸಿಂಕಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಕಪಾಟಿನಲ್ಲಿ ಬೋರಲು ಹಾಕಿದರು.

“ಬಾಟಲಿ ಎಲ್ಲಿಟ್ಟಿದ್ದೆ?” ಎಂದು ಕೇಳಿದರು.

“ಶೆಡ್ಡಿನಲ್ಲಿ.”

“ಯೀಸ್ಟಿಗೆ ಒಂದು ಸ್ವೆಟರ್ ಹೆಣೆಸಬೇಕಿತ್ತು,” ಎಂದು ಹೇಳಿ ಹೊರಟುಹೋದರು.

ಗ್ಲಾಸು ತೊಳೆದಿಟ್ಟರೆ ಮತ್ತೆ ಬೇಡ ಎಂದು ಅರ್ಥ ಅಂತ ನನಗೆ ಆಮೇಲೆ ಹೊಳೆಯಿತು. ಹೆಂಡತಿಗೆ ಹೇಳಿಕೊಂಡೆ.

“ಅದೇನರ ಇರ್ಲಿರಿ,” ಅಂದಳು. “ಈ ಮನ್ಯಾಗ ಒಬ್ಬ ಗಂಡಸು ಗ್ಲಾಸ್ ತೊಳದದ್ದು ನಾ ಇವತ್ತ ನೋಡಿದೆ.”

ಇಡ್ಲಿ ಹಿಟ್ಟು

ನಮ್ಮ ಮಹಡಿಯಲ್ಲಿ ಬಿಸಿನೀರಿನ ಟ್ಯಾಂಕು ಇರುವ ಒಂದು ಕಪಾಟು ಇತ್ತು. ಇಂಗ್ಲಿಷರು ಅದರಲ್ಲಿ ಟವೆಲ್ ಒಣಗಿಸುತ್ತಾರೆ. ಲಂಡನ್ನಿನ ಕನ್ನಡಿಗರ ಮನೆಗಳಲ್ಲಿ ಅದು ಇಡ್ಲಿ ಹಿಟ್ಟು ಉಬ್ಬುವ ಜಾಗ. ಇಡೀ ಮನೆಯಲ್ಲಿ ಅಷ್ಟು ಬೆಚ್ಚಗಿನ ಮೂಲೆ ಇನ್ನೊಂದಿಲ್ಲ. ಎರಡನೇ ಸಲದ ಇಪ್ಪತ್ತು ಬಾಟಲಿಯನ್ನು ಅಲ್ಲಿ ತುರುಕಿದೆ.

ಸಂಜೆ ಕೆಲಸದಿಂದ ಬಂದು ನೋಡಿದರೆ ಬಾಟಲಿಗಳೆಲ್ಲ ಬಾತ್‌ರೂಮಿನ ತಣ್ಣನೆಯ ನೆಲದ ಮೇಲೆ ಇದ್ದವು. ಕಪಾಟಿನಲ್ಲಿ ಹಿಟ್ಟಿನ ಪಾತ್ರೆ ಕೂತಿತ್ತು.

“ನಿಮ್ಮ ಬೀರು ಎರಡು ವಾರ ತಡೀತೈತಿ. ನನ್ನ ಹಿಟ್ಟು ತಡಿಯಂಗಿಲ್ಲ,” ಅಂದಳು ಹೆಂಡತಿ.

ವಾದ ಮಾಡುವ ಹಾಗಿರಲಿಲ್ಲ, ಬೆಳಗಿನ ಇಡ್ಲಿ ತಿನ್ನುವವನೂ ನಾನೇ. ವಾರಕ್ಕೆ ಮೂರು ಸಲ ಹಿಟ್ಟು ಒಳಗೆ, ಬೀರು ಹೊರಗೆ. ಒಂದು ದಿನ ಬೆಚ್ಚಗೆ, ಒಂದು ದಿನ ಚಳಿ. ಯೀಸ್ಟು ನಿದ್ದೆ ಮಾಡಬೇಕೋ ಎದ್ದಿರಬೇಕೋ ತಿಳಿಯದೆ ಅರ್ಧಂಬರ್ಧ ಕೆಲಸ ಮಾಡಿತು.

ಶನಿವಾರ ಗುರುಗಳು ಬಂದರು. ಮುಚ್ಚಳ ತೆಗೆದಾಗ ಸಣ್ಣದೊಂದು ನಿಟ್ಟುಸಿರು ಕೇಳಿತು, ಅಷ್ಟೇ. ಹೆಂಡತಿ ಜೊತೆಗೆ ಇಡ್ಲಿ ಸಾಂಬಾರ್ ಕೊಟ್ಟಳು. ಅವರು ಇಡ್ಲಿಯನ್ನು ಎರಡನೇ ಸಲ ಹಾಕಿಸಿಕೊಂಡರು, ಮೂರನೇ ಸಲವೂ ಹಾಕಿಸಿಕೊಂಡರು. ಗ್ಲಾಸನ್ನು ಮಾತ್ರ ತೊಳೆದಿಟ್ಟರು.

“ಇದೂ ಅದೇ ಕಪಾಟಿನಲ್ಲಿ ಉಬ್ಬಿದ್ದಾ?” ಎಂದು ತಟ್ಟೆ ತೋರಿಸಿ ಕೇಳಿದರು.

ಹೌದು ಎಂದೆ.

“ಮುಂದಿನ ಸಲ ಬೀರನ್ನೂ ನಿನ್ನ ಹೆಂಡತಿಗೇ ಒಪ್ಪಿಸು,” ಎಂದರು.

ಜ್ವರ ನೋಡುವುದು

ಮೂರನೇ ಸಲಕ್ಕೆ ಅವರೇ ಒಂದು ಉಪಾಯ ಹೇಳಿಕೊಟ್ಟರು. ಗಾಜಿನ ಬಾಟಲಿಗಳ ಜೊತೆಗೆ ಒಂದು ಪ್ಲಾಸ್ಟಿಕ್ ಬಾಟಲಿಯನ್ನೂ ತುಂಬಬೇಕು. ದಿನವೂ ಅದನ್ನು ಒತ್ತಿ ನೋಡಬೇಕು. ಅದು ಕಲ್ಲಿನಷ್ಟು ಗಟ್ಟಿಯಾದರೆ ಎಲ್ಲದರಲ್ಲೂ ಗ್ಯಾಸ್ ತುಂಬಿದೆ ಎಂದು ಲೆಕ್ಕ.

ಹೆಂಡತಿಯ ಜೊತೆ ಒಪ್ಪಂದವಾಯಿತು. ಕಪಾಟಿನ ಮೇಲಿನ ಹಲಗೆ ಹಿಟ್ಟಿಗೆ, ಕೆಳಗಿನ ನೆಲ ಬಾಟಲಿಗಳಿಗೆ. ಒತ್ತಲು ಅನುಕೂಲವಾಗಲಿ ಎಂದು ಪ್ಲಾಸ್ಟಿಕ್ ಬಾಟಲಿಯೊಂದನ್ನು ಮಾತ್ರ ಮೇಲೆ ಬಿಸಿ ಪೈಪಿನ ಪಕ್ಕ ನಿಲ್ಲಿಸಿದೆ. ಎದ್ದ ಕೂಡಲೇ ಒಮ್ಮೆ ಒತ್ತುತ್ತಿದ್ದೆ, ಕೆಲಸಕ್ಕೆ ಹೊರಡುವಾಗ ಒಮ್ಮೆ, ಬಂದು ಕೋಟು ತೆಗೆಯುವ ಮುಂಚೆ ಒಮ್ಮೆ.

“ನಂಗ ಜ್ವರ ಬಂದಾಗ ಒಂದರ ಸಲ ಹಿಂಗ ಮುಟ್ಟಿ ನೋಡೀರೇನು?” ಎಂದು ಹೆಂಡತಿ ಕೇಳಿದಳು. ನಾನು ಕೇಳಿಸದವನ ಹಾಗೆ ಮೆಟ್ಟಿಲಿಳಿದೆ.

ಆರನೇ ದಿನಕ್ಕೆ ಬಾಟಲಿ ಕಲ್ಲಾಯಿತು. ಮಾರನೆಯ ದಿನ ಗುರುಗಳನ್ನು ಕರೆದೆ. ಗಾಜಿನ ಬಾಟಲಿ ತೆಗೆದರೆ ಮತ್ತದೇ ಕಷಾಯ. ಅವರು ಕುಡಿದು, ಮಹಡಿ ಹತ್ತಿ, ಕಪಾಟಿನ ಪೈಪನ್ನೊಮ್ಮೆ, ನೆಲವನ್ನೊಮ್ಮೆ ಮುಟ್ಟಿ ನೋಡಿದರು. ಪೈಪು ಸುಡುತ್ತಿತ್ತು, ನೆಲ ತಣ್ಣಗಿತ್ತು. ಒಂದು ಬಾಟಲಿ ಪಾಸಾಗಿ ಇಪ್ಪತ್ತು ಫೇಲಾಗಿದ್ದವು.

“ಹೋಗಲಿ, ಆ ಪ್ಲಾಸ್ಟಿಕ್ಕಿನದು ಕೊಡು,” ಎಂದರು.

“ಅದನ್ನು ಪರೀಕ್ಷೆ ಮಾಡೋಣ ಅಂತ ನಿನ್ನೆ ನಾನೇ ಕುಡಿದೆ,” ಎಂದೆ. “ಬಹಳ ಚೆನ್ನಾಗಿತ್ತು.”

ಅವತ್ತು ಅವರು ಗ್ಲಾಸು ತೊಳೆದದ್ದು ಬಹಳ ಹೊತ್ತು.

ಮಾವನವರು

ಮುಂದಿನ ಬೇಸಿಗೆಯಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಧಾರವಾಡದಿಂದ ಮಾವನವರು ಬರುತ್ತಿದ್ದರು, ಪಕ್ಕದ ಮನೆಯವರು ಮನೆ ಮಾರಿ ಸಮುದ್ರದ ಕಡೆ ಇರುವ ಮಗಳ ಊರಿಗೆ ಹೋಗುತ್ತಿದ್ದರು. ಎರಡನೆಯದನ್ನು ಕೇಳಿ ನನಗೆ ನಿಜಕ್ಕೂ ಬೇಜಾರಾಯಿತು. ಲಂಡನ್ನಿನಲ್ಲಿ ಬಾಗಿಲು ತಟ್ಟದೆ ಒಳಗೆ ಬರುತ್ತಿದ್ದವರು ಅವರೊಬ್ಬರೇ. ಇನ್ನು ಒಂದೇ ಒಂದು ಸಲ ಬೀರು ಮಾಡುವಷ್ಟು ದಿನವಿತ್ತು.

ಮಾವನವರದು ಕಾಳುಕಡಿ ಅಂಗಡಿ. ಕುಡಿಯುವವರಲ್ಲ, ಕುಡಿಯುವವರ ಪಕ್ಕ ಕೂರುವವರೂ ಅಲ್ಲ. ಆದರೆ ನಾನು ಬಾಟಲಿಗೆ ಸಕ್ಕರೆ ಹಾಕುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ.

“ಅಳಿಯಂದ್ರ, ಕೈ ನಡಗಾಕತ್ತೈತಿ ನಿಮಗ. ಅಳತಿ ಕೆಲಸ ನಂಗ ಬಿಡ್ರಿ.”

ಅಷ್ಟರಲ್ಲಿ ಊರಿನಿಂದ ಫೋನು ಬಂತು. ಬಾಟಲಿಗೆ ಅರ್ಧ ಚಮಚ ಎಂದು ಹೇಳಿ ಎದ್ದೆ. ಬರುವಷ್ಟರಲ್ಲಿ ಅವರು ಇಪ್ಪತ್ತೂ ಬಾಟಲಿಗೆ ಸಕ್ಕರೆ ಹಾಕಿ ಕೈ ಒರೆಸಿಕೊಳ್ಳುತ್ತಿದ್ದರು.

“ಸರಿಯಾಗಿ ಹಾಕಿದ್ರೇನ್ರಿ ಮಾವಾರ?”

“ನಲವತ್ತ ವರ್ಷ ತಕ್ಕಡಿ ಹಿಡದಾಂವಗ ಕೇಳೋ ಮಾತೇನ್ರಿ ಇದು?”

ನಾನು ಬೀರು ತುಂಬಿ ಮುಚ್ಚಳ ಬಿಗಿದೆ. ಜುಲೈ ತಿಂಗಳು, ಮನೆಯೆಲ್ಲ ಬೆಚ್ಚಗಿತ್ತು. ಎರಡು ವಾರ ಕಾದು, ಗುರುಗಳು ಹೊರಡುವ ಹಿಂದಿನ ದಿನ ಹಿತ್ತಿಲಲ್ಲಿ ಕುರ್ಚಿ ಹಾಕಿದೆ. ಮಾವನವರು ಐದು ಮಾರು ದೂರದಲ್ಲಿ, ಒಣಗಲು ಹಾಕಿದ್ದ ತಮ್ಮ ಧೋತರದ ಹಿಂದೆ ನಿಂತು ನೋಡುತ್ತಿದ್ದರು. ಬೀರಿನ ಗಾಳಿಯೂ ಸೋಕಬಾರದೆಂದು ಆ ಏರ್ಪಾಡು.

ಮುಚ್ಚಳ ಅಲುಗಿಸಿದೆ. ಅದು ಎತ್ತ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ. ಬೀರು ಪಿಚಕಾರಿ ಹೊಡೆದ ಹಾಗೆ ಮೇಲೆದ್ದು, ಗುರುಗಳ ಕನ್ನಡಕ ತೊಳೆದು, ಹಗ್ಗ ದಾಟಿ, ಧೋತರವನ್ನು ಈ ತುದಿಯಿಂದ ಆ ತುದಿಗೆ ತೋಯಿಸಿತು. ಬಾಟಲಿಯಲ್ಲಿ ಕಾಲು ಭಾಗ ಉಳಿಯಿತು. ಅದನ್ನೇ ಗ್ಲಾಸಿಗೆ ಬಗ್ಗಿಸಿ ಕೊಟ್ಟೆ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಗುರುಗಳು ಕನ್ನಡಕ ಒರೆಸಿಕೊಂಡರು, ಕುಡಿದರು, ಎದ್ದರು. ಅಡುಗೆಮನೆಯ ಕಡೆ ಎರಡು ಹೆಜ್ಜೆ ಹಾಕಿದರು. ಮುಗಿಯಿತು ಅಂದುಕೊಂಡೆ. ಅಲ್ಲಿಂದ ತಿರುಗಿ ಬಂದು ಕುರ್ಚಿಯಲ್ಲಿ ಕೂತು ಗ್ಲಾಸು ಮುಂದೆ ಚಾಚಿದರು.

“ಇನ್ನೊಂದು ತೆಗಿ,” ಎಂದರು.

ರುಚಿ ಹಿಡಿಸಿತೋ, ಮೊದಲನೆಯದು ನಾಲಿಗೆಗೆ ಸಾಲಲಿಲ್ಲವೋ, ನಾನು ಕೇಳಲಿಲ್ಲ. ಕೇಳುವಷ್ಟು ಧೈರ್ಯ ಇರಲಿಲ್ಲ. ಮಾವನವರ ಕಡೆ ತಿರುಗಿ, “ಎಷ್ಟು ಸಕ್ಕರಿ ಹಾಕಿದ್ರಿ?” ಎಂದೆ.

ಅವರು ತೊಯ್ದ ಧೋತರ ಹಿಂಡುತ್ತ ಹೇಳಿದರು: “ನೀವು ಹೇಳಿದಂಗ ಅರ್ಧ ಚಮಚ. ಮ್ಯಾಲೆ ಅರ್ಧ ಚಮಚ ಕೊಸರು. ಕೊಸರು ಹಾಕಿದ್ರ ಗಿರಾಕಿ ತಿರುಗಿ ಬರ್ತಾನ್ರಿ. ಈಗ ಬಂದ್ನೋ ಇಲ್ಲೋ?”