ಸಾಂಬ್ರಾಣಿ ಮೂಸಿದ ಹೊಗೆಮೂಗ

"ನೋಡಣ್ಣ, ಇದೇ ಹೊಗೆಮೂಗ! ಗಾಡಿ ಹೊಗೆ ಮೂಸಿ ಕಾಯಿಲೆ ಹೇಳುತ್ತೆ!" ಎಂದು ನಮ್ಮ ಯಜಮಾನರು ತಿಪ್ಪೇರುದ್ರಪ್ಪನವರು ತಮ್ಮ ಹೊಸ ಯಂತ್ರದ ಬೆನ್ನು ತಟ್ಟಿದರು.

ಚಿತ್ರದುರ್ಗದ ನಮ್ಮ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದವರು ನಮ್ಮ ಭಾವ ಮುರಿಗೆಪ್ಪನವರು. "ಇವನು ಸ್ಪ್ಯಾನರ್ ಹಿಡಿದ್ರೆ ಓಡೋ ಗಾಡಿನೂ ನಿಲ್ಲುತ್ತೆ" ಎಂದು ಅವರು ಮದುವೆಮನೆಯಲ್ಲಿ ಎಲ್ಲರೆದುರು ನಕ್ಕಿದ್ದರು. ಅವತ್ತಿನಿಂದ ಅಣ್ಣತಮ್ಮಂದಿರು ಮಾತು ಬಿಟ್ಟು ಹನ್ನೊಂದು ವರ್ಷ! ಯಾವ ಗ್ಯಾರೇಜಿನಲ್ಲೂ ವಾಸಿಯಾಗದ ಕಾರು ಭಾವನವರನ್ನು ನಮ್ಮ ಬಾಗಿಲಿಗೆ ತಂದಿತ್ತು. ಈ ಸಲ ಎಡವಟ್ಟಾದರೆ ಮತ್ತೆ ಬರಲಾರರು ಎಂದು ನನಗೆ ಭಯವಿತ್ತು.

ಯಂತ್ರ ಉರುಳುತ್ತಾ ಹೋಗಿ ಕಾರಿನ ಸೈಲೆನ್ಸರ್ ಮೂಸಿತು. "ಎಂಜಿನ್ ಸತ್ತಿದೆ! ಬೇಗ ಮಣ್ಣು ಮಾಡಿ!" ಎಂದು ಕೂಗಿತು.

"ಸತ್ತಿದ್ರೆ ನಾನು ಹೆಂಗೋ ಬಂದೆ?"

"ತಾಳಣ್ಣ, ಮೂಗು ಕಟ್ಟಿರಬೇಕು!"

ಪಕ್ಕದ ಮನೆಯ ಸ್ಕೂಟರ್ ಮೂಸಿತು. ಅದೂ ಸತ್ತಿತ್ತು! ಹಾಲಿನ ವ್ಯಾನಂತೂ ಸತ್ತು ಮೂರು ದಿನವಾಗಿತ್ತು! ಆಮೇಲೆ ಅದು ನನ್ನನ್ನು ತಳ್ಳಿಕೊಂಡು ದೇವರಮನೆಗೆ ನುಗ್ಗಿ ಧೂಪಾರತಿಗೆ ಮೂಗಿಟ್ಟಿತು. "ಆಹಾ! ಅಪ್ಪಟ ಎಂಜಿನ್!"

ನನಗೆ ಆಗ ಹೊಳೆಯಿತು. "ನಿನ್ನೆ ಆಯುಧಪೂಜೆ ಅಲ್ವೇನ್ರೀ? ಹೊಸ ಯಂತ್ರ ಅಂತ ಸಾಂಬ್ರಾಣಿ ಹೊಗೆ ಹಾಕ್ದೆ..."

"ಅಯ್ಯೋ! ಮೊದಲು ಮೂಸಿದ ಹೊಗೆನೇ ಆರೋಗ್ಯದ ಹೊಗೆ ಅಂತ ಅದು ಕಲಿಯೋದು ಕಣೇ!" ಯಜಮಾನರು ಜಗಲಿಯ ಮೇಲೆ ಕುಸಿದರು. ಭಾವನವರು ಕಾರಿನ ಕೀಲಿ ಕೈಗೆತ್ತಿಕೊಂಡರು.

ನನಗೆ ರೇಗಿತು. "ಮೂಸಿದ್ದು ಸಾಕು! ಏನು ತೊಂದರೆ ಅಂತ ಅಣ್ಣನ್ನ ಬಾಯಿಬಿಟ್ಟು ಕೇಳ್ರಿ!"

ಯಜಮಾನರು ನೆಲ ನೋಡುತ್ತಲೇ ಕೇಳಿದರು. "ಅಣ್ಣ, ಕಾರಿಗೆ ಏನಾಗುತ್ತೆ?"

"ನಿಂತಾಗ ನಡುಗುತ್ತೆ. ಚಳಿಜ್ವರ ಬಂದಂಗೆ. ಜೋರಾಗಿ ಓಡಿಸಿದ್ರೆ ಸರಿಹೋಗುತ್ತೆ."

"ಹಂಗಾದ್ರೆ ಈಜಿಆರ್ ವಾಲ್ವ್ ಇರಬೇಕು!"

ಹೊರಹೋಗುವ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಪುಟ್ಟ ಬಾಗಿಲಂತೆ ಅದು. ಮಸಿ ಕಟ್ಟಿ ಮುಚ್ಚದೆ ಉಳಿದರೆ ಎಂಜಿನ್ ತನ್ನ ಹೊಗೆಯಲ್ಲೇ ಉಸಿರುಗಟ್ಟುತ್ತದಂತೆ. ಅಣ್ಣನ ಒಂದೇ ಮಾತನ್ನು ಹನ್ನೊಂದು ವರ್ಷ ಒಳಗೆಳೆದುಕೊಂಡಿದ್ದ ಮನುಷ್ಯ ಇದನ್ನು ವಿವರಿಸುವಾಗ ನನಗೆ ಸಂಕಟವಾಯಿತು.

ಯಜಮಾನರು ವಾಲ್ವ್ ಬಿಚ್ಚಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮಸಿ ಉಜ್ಜಿದರು. ಬಿಚ್ಚಿದ ಬೋಲ್ಟುಗಳನ್ನು ಭಾವನವರು ಅಂಗೈಯಲ್ಲಿ ಜೋಪಾನವಾಗಿ ಹಿಡಿದುಕೊಂಡರು. ಮತ್ತೆ ಜೋಡಿಸಿ ಕೀಲಿ ತಿರುಗಿಸಿದಾಗ ಕಾರು ನಡುಗಲೇ ಇಲ್ಲ!

"ಅವತ್ತು ನಾನು ಹಂಗೆ ಅನ್ನಬಾರದಿತ್ತು ಕಣೋ" ಎಂದರು ಭಾವನವರು. ಯಜಮಾನರು ಮಸಿಗೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡರು.

ಹೊಗೆಮೂಗ ಮಾತ್ರ ಧೂಪಾರತಿ ಬಿಟ್ಟು ಕದಲಲಿಲ್ಲ. ದಿನಾ ಬೆಳಗ್ಗೆ ಅದು ಬರೆದುಕೊಡುವ ಹೊಗೆ ತಪಾಸಣೆಯ ಸರ್ಟಿಫಿಕೇಟಿನ ಪ್ರಕಾರ, ಇಡೀ ಚಿತ್ರದುರ್ಗದಲ್ಲಿ ಓಡಿಸಲು ಯೋಗ್ಯವಾಗಿರುವುದು ನಮ್ಮ ದೇವರಮನೆ ಒಂದೇ.