ನಮ್ಮತ್ತೆಯೂ ಚಂದ್ರನಿಗೆ ಹೊರಟ ಗಾಡಿಯೂ

ನಮ್ಮ ದೇಶದ ರಾಕೆಟ್ ಹಾರಿಸುವವರು ವಿಜ್ಞಾನಿಗಳು ಎಂದು ನೀವು ನಂಬಿದ್ದರೆ, ನನ್ನ ಸೋದರತ್ತೆಯನ್ನು ನೀವು ನೋಡಿಲ್ಲ ಎಂದೇ ಅರ್ಥ! ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಬದಿಯ ಹಳ್ಳಿಯಲ್ಲಿ ರೇಡಿಯೋ ಹಿಡಿದು ಕೂತು ಅವನ್ನು ಹಾರಿಸುತ್ತಿದ್ದವಳು ಅವಳೇ.

ರಾಕೆಟ್ ಏರುವ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಸೀನುವಂತಿಲ್ಲ. ಹಜಾರದ ತುಂಬ ಹೊಗೆಸೊಪ್ಪಿನ ರಾಶಿ ಬಿದ್ದಿರುವಾಗ ಸೀನದೆ ಇರುವುದೇನು ಸಾಮಾನ್ಯವೆ? ತೊಂಬತ್ತರ ದಶಕದಲ್ಲೊಮ್ಮೆ ಮಾವ ತಡೆದೂ ತಡೆದೂ ಕೊನೆಗೆ ಸೀನಿಯೇಬಿಟ್ಟರು. ಅವತ್ತೇ ರಾಕೆಟ್ ಸಮುದ್ರಕ್ಕೆ ಬಿತ್ತು!

“ನನ್ ಸೀನು ಶ್ರೀಹರಿಕೋಟಾವರೆಗೂ ಕೇಳಿಸ್ತದೇನಮ್ಮೀ?” ಎಂದರು ಮಾವ.

“ಅಷ್ಟು ದೂರದ ಕಂಪಲಾಪುರಕ್ಕೇ ಕೇಳಿಸ್ತು, ಬುಡಿ!”

ಮರುವರ್ಷ ಇನ್ನೊಂದು ಸರಿಯಾಗಿ ಹಾರುವವರೆಗೂ ಅತ್ತೆ ಅವರೊಡನೆ ಮಾತಾಡಲಿಲ್ಲ. ಆ ವರ್ಷ ಬಲು ನೆಮ್ಮದಿಯಾಗಿತ್ತೆಂದು ಮಾವ ನನ್ನ ಬಳಿ ಗುಟ್ಟಾಗಿ ಹೇಳಿದ್ದುಂಟು.

ಎರಡು ಸಾವಿರದ ಎಂಟರಲ್ಲಿ ನಮ್ಮ ನೌಕೆ ಚಂದ್ರನತ್ತ ಹೊರಟಾಗಂತೂ ಅತ್ತೆಯನ್ನು ಹಿಡಿಯುವವರೇ ಇಲ್ಲ! ಬ್ರಿಟನ್ನಿನ ಯಂತ್ರವೊಂದೂ ಅದರಲ್ಲಿದೆ ಎಂದು ನಾನು ಪೇಪರ್ ಓದಿ ಹೇಳಿದೆ.

“ಅಂಗಾರೆ ನಮ್ಮನ್ನ ಆಳ್ದೋರ ಸಾಮಾನು ಈಗ ನಮ್ ಗಾಡೀಲಿ ಓಗ್ತಾ ಐತೆ ಅನ್ನು!”

ಆ ಮಾತನ್ನು ಹಾಲಿನ ಡೈರಿಯಿಂದ ಹಿಟ್ಟಿನ ಗಿರಣಿಯವರೆಗೆ ಸಾರಿ ಬಂದಳು.

ಅದೇ ವಾರ, ಕಬಿನಿಯ ಕಾಡು ನೋಡಲು ಹೊರಟಿದ್ದ ವಯಸ್ಸಾದ ಬಿಳಿಯ ದಂಪತಿಗಳ ಕಾರು ಅವಳ ಮನೆಮುಂದೆಯೇ ಕೆಟ್ಟು ನಿಲ್ಲಬೇಕೆ! ಇಂಗ್ಲೆಂಡಿನವರೆಂದು ಗೊತ್ತಾದದ್ದೇ ತಡ, ಅತ್ತೆ ಅವರನ್ನು ಜಗಲಿಗೆ ಕರೆದು, ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟು, ನನ್ನತ್ತ ತಿರುಗಿದಳು.

“ಕೇಳ್ಲಾ, ಇವರ ರಾಕೆಟ್ ಎಲ್ಲೈತೆ ಅಂತ!”

ನನ್ನ ಹರುಕು ಇಂಗ್ಲಿಷಿನಲ್ಲಿ ಹೆದರುತ್ತಲೇ ಕೇಳಿದೆ. ಮುದುಕ ನಕ್ಕ. ಅವನ ಪ್ರಾಯದಲ್ಲಿ ಅವರ ದೇಶದವರೂ ಒಂದು ರಾಕೆಟ್ ಕಟ್ಟಿದ್ದರಂತೆ. ಅವನು ಅಲ್ಲಿ ಫಿಟ್ಟರ್ ಆಗಿದ್ದನಂತೆ. ಉಪಗ್ರಹ ಹೊತ್ತು ಸೊಗಸಾಗಿ ಹಾರಿತಂತೆ. ಆದರೆ ಅದು ಹಾರುವ ಮೊದಲೇ, ಇನ್ನು ರಾಕೆಟ್ ಸಹವಾಸ ಸಾಕೆಂದು ಸರ್ಕಾರ ತೀರ್ಮಾನಿಸಿಬಿಟ್ಟಿತ್ತಂತೆ. ಇಷ್ಟು ಹೇಳಿ ಅವನು ರೊಟ್ಟಿಯನ್ನು ನೋಡುತ್ತ ಕೂತ.

ಅತ್ತೆಗೆ ಕನ್ನಡದಲ್ಲಿ ಒಪ್ಪಿಸಿದೆ. ಇನ್ನೇನು, ಜಗಲಿ ಹಾರಿಹೋಗುವಂತೆ ಜಯಘೋಷ ಮೊಳಗುತ್ತದೆಂದು ಕಾದೆ!

ಅತ್ತೆ ಮುದುಕನ ಮುಖ ನೋಡಿದಳು. “ಚೆನ್ನಾಗಿ ಹಾರೋ ಅಂತಾದ್ನೂ ನಿಲ್ಲಿಸ್ಬುಟ್ರಾ?” ಎಂದಳು ಮೆಲ್ಲಗೆ. ಎದ್ದು ಒಳಗೆ ಹೋದಳು. ಬಿಳಿಯರಿಗೆ ಯಾಕೆಂದು ಮುಚ್ಚಿಟ್ಟಿದ್ದ ಬೆಣ್ಣೆಯನ್ನು ತಂದು, ಮುದುಕನ ರೊಟ್ಟಿಯ ಮೇಲೆ ದೊಡ್ಡ ಉಂಡೆಯನ್ನೇ ಇಟ್ಟಳು.

“ತಿನ್ನಿ ಯಜಮಾನ್ರೇ. ನಿಮ್ಮೋರ ಯಂತ್ರಾನ ನಮ್ ಹುಡುಗ್ರು ಜ್ವಾಪಾನವಾಗಿ ತಲುಪಿಸ್ತಾರೆ.”